ದೈತ್ಯ ಬಸವನಹುಳು: ಅವರು ಸಾಕುತ್ತಾರೆ, ನಾವು ಯಾಕೆ ಸಾಕಬಾರದು?

ಈ ವರ್ಷ ಕಾಲೇಜು ಆರಂಭವಾದ ಎರಡನೇ ವಾರದಲ್ಲೇ ಪ್ರಥಮ ಪಿಯುಸಿ ವಿಜ್ಞಾನ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನನ್ನಲ್ಲಿ ಒಂದು ಪ್ರಶ್ನೆ ಕೇಳಿದಳು. ಮನೆಯಲ್ಲಿ ಅವಳು ಒಂದು ವಿಡಿಯೋ ನೋಡಿದ್ದಳಂತೆ. ಇಂಗ್ಲೆಂಡಿನ ಒಬ್ಬ ಹುಡುಗಿ ಅಂಗೈ ತುಂಬುವಷ್ಟು ದೊಡ್ಡ ಬಸವನಹುಳುವಿಗೆ ಸೌತೆಕಾಯಿ ತಿನ್ನಿಸುತ್ತಾಳೆ, ಉಗುರುಬೆಚ್ಚಗಿನ ನೀರಿನಲ್ಲಿ ಸ್ನಾನ ಮಾಡಿಸುತ್ತಾಳೆ, ಅದಕ್ಕೊಂದು ಹೆಸರನ್ನೂ ಇಟ್ಟಿದ್ದಾಳೆ. "ಮ್ಯಾಡಂ, ಅದೇ ಹುಳು ನಮ್ಮ ಮನೆಯ ಕಂಪೌಂಡ್ ಗೋಡೆಯಲ್ಲಿ ಬೇಕಾದಷ್ಟಿದೆ. ಅವರು ಸಾಕುತ್ತಾರೆ ಅಂದರೆ ನಾವು ಯಾಕೆ ಸಾಕಬಾರದು?"

ಪ್ರಶ್ನೆ ಚೆನ್ನಾಗಿತ್ತು. ಗಂಟೆ ಹೊಡೆದಿದ್ದರಿಂದ ಆಮೇಲೆ ಹೇಳುತ್ತೇನೆ ಎಂದು ಕಳಿಸಿದೆ. ನಿಜ ಹೇಳಬೇಕೆಂದರೆ ಗಂಟೆ ಹೊಡೆಯದಿದ್ದರೂ ನಾನು ಕೂಡಲೇ ಉತ್ತರ ಕೊಡುತ್ತಿರಲಿಲ್ಲ. ಯಾಕೆಂದರೆ ನಾನೂ ಒಮ್ಮೆ ಈ ಹುಳುವನ್ನು ಸಾಕಿದ್ದೇನೆ, ಅದೂ ಇದೇ ಕಾಲೇಜಿನ ಪ್ರಯೋಗಾಲಯದಲ್ಲಿ. ಅದರ ಕಥೆ ಹಳೆಯ ವಿದ್ಯಾರ್ಥಿಗಳಿಗೆ ಗೊತ್ತು, ಹೊಸಬರಿಗೆ ಗೊತ್ತಿಲ್ಲ. ಆ ಕಥೆಯನ್ನೂ ಸೇರಿಸಿ ಅವಳ ಪ್ರಶ್ನೆಗೆ ಇಲ್ಲಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ಪಾಠ. ನಿಮ್ಮ 'ಪ್ರಾಣಿ ಸಾಮ್ರಾಜ್ಯ' ಅಧ್ಯಾಯದಲ್ಲಿ ಮೃದ್ವಂಗಿಗಳಿಗೆ ಸಿಕ್ಕಿರುವ ಜಾಗ ಬಹಳ ಕಡಿಮೆ. ಅಷ್ಟರಲ್ಲೇ ಮೂರು ಮಾತುಗಳಿವೆ: ಇವು ಗರಿಯಂಥ ಕಿವಿರುಗಳಿಂದ ಉಸಿರಾಡುತ್ತವೆ, ಸಾಮಾನ್ಯವಾಗಿ ಗಂಡು ಹೆಣ್ಣು ಬೇರೆ ಬೇರೆ, ಬೆಳವಣಿಗೆ ಪರೋಕ್ಷ, ಅಂದರೆ ಮೊಟ್ಟೆಯಿಂದ ಡಿಂಭ ಬಂದು ಅದು ಆಮೇಲೆ ರೂಪ ಬದಲಿಸಿ ದೊಡ್ಡದಾಗುತ್ತದೆ. ನಮ್ಮ ಕಂಪೌಂಡ್ ಗೋಡೆಯ ಹುಳು ಈ ಮೂರಕ್ಕೂ ಅಪವಾದ. ಅದಕ್ಕೆ ಕಿವಿರು ಇಲ್ಲ. ಚಿಪ್ಪಿನ ಒಳಗಿರುವ ಮ್ಯಾಂಟಲ್ ಕುಹರದ ಗೋಡೆಯೇ ರಕ್ತನಾಳಗಳಿಂದ ತುಂಬಿ ಶ್ವಾಸಕೋಶದ ಕೆಲಸ ಮಾಡುತ್ತದೆ. ಹುಳು ಹೊರಬಂದಾಗ ಅದರ ಮೈಯ ಬಲಬದಿಯಲ್ಲಿ, ಚಿಪ್ಪಿನ ಅಂಚಿನ ಕೆಳಗೆ, ಒಂದು ಚಿಕ್ಕ ರಂಧ್ರ ತೆರೆದು ಮುಚ್ಚುವುದನ್ನು ತಾಳ್ಮೆ ಇದ್ದವರು ನೋಡಬಹುದು. ಅದೇ ಅದರ ಮೂಗು. ಎರಡನೆಯದಾಗಿ ಅದು ಉಭಯಲಿಂಗಿ: ಪ್ರತಿಯೊಂದು ಹುಳುವಿನಲ್ಲೂ ವೀರ್ಯಾಣು, ಅಂಡ ಎರಡೂ ಉತ್ಪತ್ತಿಯಾಗುತ್ತವೆ. ಎಳೆಯದಿರುವಾಗ ಮೊದಲು ವೀರ್ಯಾಣು, ಬೆಳೆದ ಮೇಲೆ ಎರಡೂ. ಮೂರನೆಯದಾಗಿ ಡಿಂಭ ಹಂತ ಎಂಬುದೇ ಇಲ್ಲ. ಮೊಟ್ಟೆ ಒಡೆದು ಬರುವುದು ಚಿಪ್ಪು ಸಮೇತ ಪೂರ್ಣ ಬಸವನಹುಳು, ಗಾತ್ರ ಮಾತ್ರ ಒಂದು ಕಡಲೆಕಾಳಿಗಿಂತ ಚಿಕ್ಕದು. ಪಠ್ಯದಲ್ಲಿ 'ಸಾಮಾನ್ಯವಾಗಿ' ಎಂಬ ಪದ ಯಾಕಿದೆ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತೀರಿ. ಇಂಥವುಗಳಿಗಾಗಿ.

ಇದರ ವೈಜ್ಞಾನಿಕ ಹೆಸರು ಲಿಸ್ಸಾಕಟಿನಾ ಫುಲಿಕಾ. ಹಳೆಯ ಪುಸ್ತಕಗಳಲ್ಲಿ ಅಕಟಿನಾ ಫುಲಿಕಾ ಎಂದಿರುತ್ತದೆ, ಎರಡೂ ಒಂದೇ. ಮೂಲ ಊರು ಆಫ್ರಿಕಾದ ಪೂರ್ವ ಕರಾವಳಿ, ಈಗಿನ ಕೀನ್ಯಾ ಮತ್ತು ಟಾಂಜಾನಿಯಾದ ಕಡೆ. ಚಿಪ್ಪು ಸಾಮಾನ್ಯವಾಗಿ ಐದರಿಂದ ಹತ್ತು ಸೆಂಟಿಮೀಟರ್, ಅಪರೂಪಕ್ಕೆ ಇಪ್ಪತ್ತರವರೆಗೂ ಬೆಳೆಯುವುದುಂಟು. ಇದರ ಪಶ್ಚಿಮ ಆಫ್ರಿಕಾದ ಬಂಧು ಅಕಟಿನಾ ಅಕಟಿನಾ ಇನ್ನೂ ದೊಡ್ಡದು. 1976ರಲ್ಲಿ ಸಿಯೆರಾ ಲಿಯೋನ್‌ನಲ್ಲಿ ಸಿಕ್ಕಿ ಇಂಗ್ಲೆಂಡಿನ ಒಂದು ಮನೆಯಲ್ಲಿ ಬೆಳೆದ 'ಗೀ ಜೆರೋನಿಮೋ' ಎಂಬ ಹುಳು 1978ರ ಡಿಸೆಂಬರಿನಲ್ಲಿ ಮೂತಿಯಿಂದ ಬಾಲದವರೆಗೆ 39.3 ಸೆಂಟಿಮೀಟರ್ ಉದ್ದ, 900 ಗ್ರಾಂ ತೂಕ ಇತ್ತು. ಗಿನ್ನೆಸ್ ದಾಖಲೆಯಲ್ಲಿ ಅದಕ್ಕೆ ಸ್ಥಾನವಿದೆ. ತರಗತಿಯಲ್ಲಿ ಸ್ಕೇಲ್ ಹಿಡಿದು ತೋರಿಸಿದರೆ ಹಿಂದಿನ ಬೆಂಚಿನವರೂ ಎದ್ದು ಕೂರುತ್ತಾರೆ.

ಇಂಗ್ಲೆಂಡಿನಲ್ಲಿ ಇವನ್ನು ಸಾಕುವುದು ಇಂದಿಗೂ ಸಾಮಾನ್ಯ. ಪ್ರಾಥಮಿಕ ಶಾಲೆಗಳ ತರಗತಿಗಳಲ್ಲೂ ಇಟ್ಟುಕೊಂಡಿರುತ್ತಾರೆ. ನಾಯಿ ಬೆಕ್ಕಿಗೆ ಅಲರ್ಜಿ ಇರುವ ಮಕ್ಕಳಿಗೂ ತೊಂದರೆಯಿಲ್ಲ, ಕೂಗುವುದಿಲ್ಲ, ಖರ್ಚು ಕಡಿಮೆ. ನನ್ನ ತಂಗಿಯ ಕುಟುಂಬ ಲೆಸ್ಟರ್‌ನಲ್ಲಿದೆ. ಅವಳ ಮಗಳ ತರಗತಿಯಲ್ಲಿ ಅಂಥ ಎರಡು ಹುಳುಗಳಿದ್ದವು. ರಜೆ ಬಂದಾಗ ಮಕ್ಕಳು ಸರದಿಯಂತೆ ಮನೆಗೆ ಒಯ್ಯಬೇಕು. ಅವಳ ಸರದಿ ಬಂದಾಗ ವಾರವಿಡೀ ವಿಡಿಯೋ ಕಾಲ್‌ನಲ್ಲಿ ನಮಗೆ ಹುಳು ದರ್ಶನ. ನನ್ನ ಉಮ್ಮನಿಗೆ ಅದೊಂದು ಕಿರಿಕಿರಿ. ಊಟದ ಹೊತ್ತಿಗೆ ಅದನ್ನು ತೋರಿಸಬೇಡ ಎಂದು ಮೊಮ್ಮಗಳನ್ನು ಗದರುತ್ತಿದ್ದರು.

ಆದರೆ ಎಂಟು ವರ್ಷದ ಆ ಹುಡುಗಿಯ ಸಾಕಣೆಯ ಶಿಸ್ತು ನನಗೆ ಹಿಡಿಸಿತು. ಗಾಜಿನ ತೊಟ್ಟಿ, ಬಿಗಿಯಾದ ಮುಚ್ಚಳ, ಅದರಲ್ಲಿ ಗಾಳಿಗೆ ಸಣ್ಣ ಸಣ್ಣ ತೂತುಗಳು. ತಳದಲ್ಲಿ ಒಂದು ಗೇಣಿನ ಅರ್ಧದಷ್ಟು ತೇವದ ಪುಡಿ. ಅದು ಏನೆಂದು ಕೇಳಿದರೆ ಕೋಕೋಪೀಟ್, ಅಂದರೆ ನಾವು ತೆಂಗಿನ ಸಿಪ್ಪೆ ಸುಲಿದು ಎಸೆಯುವಾಗ ಉದುರುವ ಅದೇ ನಾರಿನ ಪುಡಿ. ಇಟ್ಟಿಗೆಯಂತೆ ಒತ್ತಿ ಹೊರದೇಶಕ್ಕೆ ಕಳಿಸುತ್ತಾರೆ, ಅಲ್ಲಿ ನೀರು ಹಾಕಿ ಉಬ್ಬಿಸುತ್ತಾರೆ. ತೊಟ್ಟಿಯ ಪಕ್ಕಕ್ಕೆ ಅಂಟಿಸಿದ ಬಿಸಿ ಹಾಳೆ, ಅದಕ್ಕೆ ಥರ್ಮೋಸ್ಟಾಟ್. ಉಷ್ಣಾಂಶ 21ರಿಂದ 26 ಡಿಗ್ರಿಯ ನಡುವೆ ಇರಬೇಕು. ದಿನಕ್ಕೊಮ್ಮೆ ಪಿಚಕಾರಿಯಿಂದ ನೀರಿನ ತುಂತುರು. ಸಂಜೆ ಲೆಟ್ಯೂಸ್, ಸೌತೆಕಾಯಿ, ಸಿಹಿಗೆಣಸು. ಉಪ್ಪು ತಾಗಿದ ಯಾವುದನ್ನೂ ಕೊಡುವಂತಿಲ್ಲ. ಒಂದು ಮೂಲೆಯಲ್ಲಿ ಯಾವಾಗಲೂ ಬಿಳಿ ಕಲ್ಲಿನಂಥ ಒಂದು ತುಂಡು. ಅದು ಕಟ್ಲ್‌ಫಿಶ್ ಮೂಳೆ, ನಮ್ಮ ಕಡಲತೀರದಲ್ಲಿ ಅಲೆಗಳು ತಂದು ಹಾಕುವಂಥದ್ದೇ. ನಿಮ್ಮ ಪಠ್ಯದ ಸೀಪಿಯಾ ಇದೆಯಲ್ಲ, ಅದರ ಒಳಚಿಪ್ಪು ಅದು. ಒಂದು ಮೃದ್ವಂಗಿಯ ಚಿಪ್ಪನ್ನು ಇನ್ನೊಂದು ಮೃದ್ವಂಗಿ ಕೆರೆದು ತಿಂದು ತನ್ನ ಚಿಪ್ಪು ಕಟ್ಟಿಕೊಳ್ಳುತ್ತದೆ. ಕೆರೆಯುವುದು ರ‍್ಯಾಡುಲಾದಿಂದ, ಅರದಂಥ ನಾಲಗೆಯಿಂದ. ರಾತ್ರಿ ಮನೆ ನಿಶ್ಶಬ್ದವಾದಾಗ ಅದರ ಕರಕರ ಸದ್ದು ಕೇಳುತ್ತದೆ ಎಂದು ಅವಳು ಹೇಳಿದ್ದಳು. ನಂಬಿರಲಿಲ್ಲ, ಆಮೇಲೆ ನಾನೇ ಕೇಳಿದೆ.

ಕ್ಯಾಲ್ಸಿಯಂ ಸಾಲದಿದ್ದರೆ ಹುಳು ಸಿಕ್ಕಿದ್ದನ್ನೆಲ್ಲ ಕೆರೆಯುತ್ತದೆ: ಜೊತೆಯವರ ಚಿಪ್ಪು, ಗೋಡೆಯ ಸುಣ್ಣ, ಸಿಮೆಂಟ್. ಮಳೆಗಾಲದಲ್ಲಿ ನಮ್ಮ ಕಾಂಪೌಂಡ್ ಗೋಡೆಗೆ ಅವು ಯಾಕೆ ಅಂಟಿಕೊಂಡಿರುತ್ತವೆ ಎಂಬುದಕ್ಕೆ ಒಂದು ಕಾರಣ ಇಲ್ಲಿದೆ. ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟ್ ಹೌದೋ ಅಲ್ಲವೋ ಎಂದು ಪರೀಕ್ಷಿಸಬೇಕಿದ್ದರೆ ಖಾಲಿ ಚಿಪ್ಪಿನ ಚೂರಿಗೆ ರಸಾಯನಶಾಸ್ತ್ರ ಪ್ರಯೋಗಾಲಯದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲ ಎರಡು ಹನಿ ಹಾಕಿ ನೋಡಿ. ನೊರೆಯೇ ಉತ್ತರ.

ಹುಳುವನ್ನು ಎತ್ತುವುದಕ್ಕೂ ಒಂದು ಕ್ರಮವಿದೆ. ಅದು ಗಾಜಿಗೆ ಅಂಟಿಕೊಂಡಿರುವಾಗ ಚಿಪ್ಪು ಹಿಡಿದು ಎಳೆಯಬಾರದು, ಒಳಗಿನ ಸ್ನಾಯು ಹರಿಯುತ್ತದೆ. ಕೈ ಒದ್ದೆ ಮಾಡಿ ತಲೆಯ ಕಡೆಯಿಂದ ಮೆಲ್ಲಗೆ ಜಾರಿಸಿ ಎತ್ತಬೇಕು. ಚಿಪ್ಪಿನ ಬಾಯಿಯ ಅಂಚು ಹೊಸದಾಗಿ ಬೆಳೆಯುವ ಭಾಗ, ಕಾಗದದಷ್ಟು ತೆಳು, ಅಲ್ಲಿ ಬೆರಳು ಒತ್ತಬಾರದು. ಮುಟ್ಟುವ ಮೊದಲೂ ಆಮೇಲೂ ಸೋಪಿನಿಂದ ಕೈ ತೊಳೆಯಬೇಕು.

ಇಷ್ಟೆಲ್ಲ ಸುಲಭವೇ. ಕಷ್ಟ ಇರುವುದು ಮೊಟ್ಟೆಯಲ್ಲಿ.

ಆರೇಳು ತಿಂಗಳಲ್ಲಿ ಹುಳು ಪ್ರೌಢವಾಗುತ್ತದೆ. ಎರಡು ಹುಳು ಕೂಡಿದರೆ ಪರಸ್ಪರ ವೀರ್ಯಾಣು ವಿನಿಮಯವಾಗಿ ಎರಡೂ ಮೊಟ್ಟೆ ಇಡಬಲ್ಲವು. ಹಾಗೆ ಪಡೆದ ವೀರ್ಯಾಣುಗಳನ್ನು ತಿಂಗಳುಗಟ್ಟಲೆ ಒಳಗೇ ಉಳಿಸಿಕೊಳ್ಳುವ ಶಕ್ತಿ ಇದಕ್ಕಿದೆ. ಆದ್ದರಿಂದ ಒಂದೇ ಒಂದು ಹುಳು ತಂದಿದ್ದೇವೆ, ಮರಿಯಾಗುವುದಿಲ್ಲ ಎಂದು ನೆಮ್ಮದಿಯಿಂದ ಇರುವಂತಿಲ್ಲ. ಮಣ್ಣಿನೊಳಗೆ ಒಂದು ಕಂತಿನಲ್ಲಿ ನೂರರಿಂದ ನಾನೂರರವರೆಗೆ ಮೊಟ್ಟೆ. ವರ್ಷಕ್ಕೆ ಸಾವಿರ ದಾಟಬಹುದು. ತಿಳಿ ಹಳದಿ ಮಿಶ್ರಿತ ಬಿಳಿ ಬಣ್ಣ, ನಾಲ್ಕೈದು ಮಿಲಿಮೀಟರ್, ಗಟ್ಟಿ ಸುಣ್ಣದ ಕವಚ. ಬೆಚ್ಚಗಿದ್ದರೆ ಒಂದೆರಡು ವಾರದಲ್ಲಿ ಒಡೆಯುತ್ತವೆ. ಮರಿಗಳು ಮೊದಲು ತಿನ್ನುವುದು ತಮ್ಮದೇ ಮೊಟ್ಟೆಯ ಸಿಪ್ಪೆಯನ್ನು.

ಹಾಗಾಗಿ ಜವಾಬ್ದಾರಿಯುತವಾಗಿ ಸಾಕುವವರು ವಾರಕ್ಕೊಮ್ಮೆ ತೊಟ್ಟಿಯ ಪುಡಿಯನ್ನೆಲ್ಲ ಬೆರಳಿನಿಂದ ಜಾಲಾಡಿ ಮೊಟ್ಟೆ ಹುಡುಕುತ್ತಾರೆ. ಸಿಕ್ಕಿದ್ದನ್ನು ಹೊಸತಿರುವಾಗಲೇ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿ ಇಟ್ಟುಬಿಡುತ್ತಾರೆ, ಒಳಗೆ ಜೀವ ರೂಪುಗೊಳ್ಳುವ ಮೊದಲೇ. ಮರಿ ಬೇಕೆಂದಿದ್ದರೆ ಐದಾರು ಮೊಟ್ಟೆ ಮಾತ್ರ ಉಳಿಸಿಕೊಳ್ಳುತ್ತಾರೆ. ಈ ಕೆಲಸ ವಿಡಿಯೋಗಳಲ್ಲಿ ಕಾಣುವುದಿಲ್ಲ. ಸೌತೆಕಾಯಿ ತಿನ್ನಿಸುವುದು ಮಾತ್ರ ಕಾಣುತ್ತದೆ. ಮೊಟ್ಟೆ ಹುಡುಕುವ ಕೆಲಸ ನನ್ನ ಸೊಸೆಯದ್ದಲ್ಲ, ಅವಳ ಟೀಚರದ್ದು. ಆದ್ದರಿಂದ ಅದರ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದರೂ ಜೀವಶಾಸ್ತ್ರ ಕಲಿಸುವವಳಿಗೆ ಹೊಳೆಯಬೇಕಿತ್ತು.

ಮೂರು ವರ್ಷದ ಹಿಂದಿನ ಜುಲೈಯಲ್ಲಿ ದ್ವಿತೀಯ ಪಿಯುಸಿಯ ಹುಡುಗನೊಬ್ಬ ಐಸ್‌ಕ್ರೀಮ್ ಡಬ್ಬಿಯಲ್ಲಿ ಎರಡು ದೊಡ್ಡ ಹುಳು ತಂದ. ಮೃದ್ವಂಗಿಯ ಪಾಠಕ್ಕೆ ಫಾರ್ಮಲಿನ್ ಬಾಟಲಿಯೊಳಗಿನ ಬಿಳಿಚಿಕೊಂಡ ಪೈಲಾ ತೋರಿಸಿ ತೋರಿಸಿ ಬೇಸತ್ತಿದ್ದ ನನಗೆ ಜೀವಂತ ಹುಳು ಸಿಕ್ಕಿದ್ದು ಹಬ್ಬದಂತಾಯಿತು. ಮೂಲೆಯಲ್ಲಿದ್ದ ಹಳೆಯ ಅಕ್ವೇರಿಯಂ ತೊಳೆದು, ಹಾಸ್ಟೆಲಿನ ಹಿಂದಿನಿಂದ ತೆಂಗಿನ ಪುಡಿ ತರಿಸಿ, ಮೇಲೆ ಸೊಳ್ಳೆಪರದೆಯ ತುಂಡು ಹೊದಿಸಿ ರಬ್ಬರ್ ದಾರ ಕಟ್ಟಿದೆವು. ಹೀಟರ್ ಬೇಕಾಗಲಿಲ್ಲ. ಆಗಲೇ ನನಗೆ ಅನುಮಾನ ಬರಬೇಕಿತ್ತು, ಬರಲಿಲ್ಲ. ಖರ್ಚು ಉಳಿಯಿತು ಎಂದಷ್ಟೇ ಅಂದುಕೊಂಡೆ. ಎರಡು ತಿಂಗಳು ಅವು ನಮ್ಮ ತರಗತಿಯ ಮೆಚ್ಚಿನ ಪಾಠವಾಗಿದ್ದವು. ಗಾಜಿನ ಮೇಲೆ ಹುಳು ಹತ್ತುವಾಗ ಪಾದದ ಸ್ನಾಯುಗಳಲ್ಲಿ ಅಲೆ ಹರಿಯುವುದನ್ನು ಇನ್ನೊಂದು ಬದಿಯಿಂದ ಮಕ್ಕಳು ಗಂಟೆಗಟ್ಟಲೆ ನೋಡುತ್ತಿದ್ದರು.

ದಸರಾ ರಜೆ ಬಂತು. ಎಲೆಕೋಸಿನ ದೊಡ್ಡ ತುಂಡು ಇಟ್ಟು ಬೀಗ ಹಾಕಿ ಹೋದೆ.

ಹದಿನೈದು ದಿನ ಕಳೆದು ಬಂದು ನೋಡಿದರೆ ಪರದೆಯ ಒಂದು ಮೂಲೆ ಸರಿದಿತ್ತು. ತೊಟ್ಟಿಯಲ್ಲಿ ಒಂದೇ ಹುಳು. ಪುಡಿ ಕೆದಕಿದರೆ ಎರಡು ಗುಂಪು ಮೊಟ್ಟೆ. ಒಂದು ಗುಂಪು ಇನ್ನೂ ಗಟ್ಟಿಯಾಗಿತ್ತು, ಇನ್ನೊಂದು ಒಡೆದು ಹೆಚ್ಚಿನ ಸಿಪ್ಪೆಗಳೂ ಮಾಯವಾಗಿದ್ದವು. ಗಾಜಿನ ಒಳಗೆ, ಹೊರಗೆ, ಮೇಜಿನ ಕೆಳಗೆ ಅಕ್ಕಿಕಾಳಿನ ಗಾತ್ರದ ಮರಿಗಳು. ಒಣಗಿದ ಲೋಳೆಯ ಬೆಳ್ಳಿಗೆರೆ ಗೋಡೆ ಹಿಡಿದು ಹೋಗಿ ಕಿಟಕಿಯ ಒಡೆದ ಗಾಜಿನ ಬಳಿ ಮುಗಿದಿತ್ತು. ಕಿಟಕಿಯ ಆಚೆ ನಮ್ಮ ಇಕೋ ಕ್ಲಬ್ಬಿನ ತರಕಾರಿ ತೋಟ.

ಸಿಕ್ಕಿದ್ದನ್ನೆಲ್ಲ ಎಣಿಸಿ ತೆಗೆದೆವು. ಸಿಗದಿದ್ದದ್ದು ಎಷ್ಟು ಎಂದು ಎಣಿಸುವ ದಾರಿ ಇರಲಿಲ್ಲ. ಮುಂದಿನ ಜೂನ್‌ನಲ್ಲಿ ತೋಟ ನೋಡಿಕೊಳ್ಳುವ ಕಾಕ ನನ್ನನ್ನು ಕರೆದು ಪಪ್ಪಾಯಿ ಸಸಿಗಳನ್ನು ತೋರಿಸಿದರು. ನೆಲದಿಂದ ಒಂದು ಗೇಣು ಎತ್ತರದ ಬರೀ ಕಡ್ಡಿಗಳು. ಬೆಂಡೆ ಮೊಳಕೆಯಲ್ಲೇ ಹೋಗಿತ್ತು. ಅವರು ನನಗೆ ಏನೂ ಅನ್ನಲಿಲ್ಲ. ಅವು ನಮ್ಮ ತೊಟ್ಟಿಯ ಹುಳುವಿನ ಸಂತಾನವೋ, ಕಟ್ಟಡದ ಕೆಲಸಕ್ಕೆ ತಂದು ಸುರಿದ ಮಣ್ಣಿನಲ್ಲಿ ಬಂದವೋ, ಗೋಡೆ ಹತ್ತಿ ಪಕ್ಕದ ಜಾಗದಿಂದ ಇಳಿದವೋ ಎಂದು ಯಾರೂ ಹೇಳಲಾರರು. ಇದನ್ನು ನಾನು ಸಮಾಧಾನಕ್ಕೆ ಹೇಳುತ್ತಿಲ್ಲ. ಕಿಟಕಿಯವರೆಗಿನ ಆ ಬೆಳ್ಳಿಗೆರೆಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಈಗ ಆ ವಿದ್ಯಾರ್ಥಿನಿಯ ಪ್ರಶ್ನೆಗೆ ಬರುತ್ತೇನೆ. ಅಲ್ಲಿನ ಮನೆಯಲ್ಲಿ ತೊಟ್ಟಿಗೆ ಎರಡು ಮುಚ್ಚಳಗಳಿವೆ. ಒಂದು ಪ್ಲಾಸ್ಟಿಕ್‌ನದ್ದು, ಇನ್ನೊಂದು ಹೊರಗಿನ ಚಳಿ. ಬಿಸಿ ಹಾಳೆ ಇಲ್ಲದೆ ಬದುಕಲು ಕಷ್ಟಪಡುವ ಪ್ರಾಣಿ ತಪ್ಪಿಸಿಕೊಂಡು ಲೆಸ್ಟರ್‌ನ ತೋಟ ಸೇರಿದರೂ ಡಿಸೆಂಬರ್ ದಾಟುವುದು ಕಷ್ಟ. ಆದರೂ ಅಲ್ಲಿ ಕಾನೂನಿದೆ. 1981ರ ವನ್ಯಜೀವಿ ಮತ್ತು ಗ್ರಾಮೀಣ ಪ್ರದೇಶ ಕಾಯ್ದೆಯ ಪ್ರಕಾರ ಇಂಥ ಪರದೇಶಿ ಪ್ರಾಣಿಯನ್ನು ಹೊರಗೆ ಬಿಡುವುದು ಅಪರಾಧ. ನಮ್ಮ ಕರಾವಳಿಯಲ್ಲಿ ಎರಡನೆಯ ಮುಚ್ಚಳವೇ ಇಲ್ಲ. ಹೊರಗಿನ ಹವೆ ತೊಟ್ಟಿಗಿಂತಲೂ ಅದಕ್ಕೆ ಹಿತ: ಬೆಚ್ಚಗೆ, ಒದ್ದೆ, ಬೇಕಾದಷ್ಟು ಸೊಪ್ಪು. ಬೇಸಿಗೆ ಬಂದರೆ ಚಿಪ್ಪಿನ ಬಾಯಿಗೆ ಬಿಳಿ ಪೊರೆ ಕಟ್ಟಿಕೊಂಡು ತಿಂಗಳುಗಟ್ಟಲೆ ಮಲಗಿ, ಮೊದಲ ಮಳೆಗೆ ಏಳುತ್ತದೆ. ನನ್ನ ತೊಟ್ಟಿಗೆ ಹೀಟರ್ ಬೇಕಾಗಲಿಲ್ಲ ಎಂಬುದರ ಅರ್ಥ ಅದಾಗಿತ್ತು.

ಬೆಚ್ಚಗಿನ ಊರುಗಳ ಅನುಭವ ಎಲ್ಲ ಕಡೆಯೂ ಒಂದೇ. ಭಾರತಕ್ಕೆ ಇದು ಬಂದದ್ದೂ ಒಬ್ಬ ಹುಳುಪ್ರೇಮಿಯ ಕೈಯಿಂದ. ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹೆನ್ರಿ ಬೆನ್ಸನ್ ಚಿಪ್ಪುಜೀವಿಗಳ ದೊಡ್ಡ ತಜ್ಞ. 1847ರಲ್ಲಿ ಅವರು ಮಾರಿಷಸ್‌ನಿಂದ ಜೀವಂತ ಹುಳುಗಳನ್ನು ಕಲ್ಕತ್ತೆಗೆ ತಂದರು, ಅವು ಚೌರಂಗಿಯ ಒಂದು ತೋಟ ಸೇರಿದವು. ಅಲ್ಲಿಂದ ಶುರುವಾದದ್ದು ಇಂದು ಕೇರಳದ ರಬ್ಬರ್ ತೋಟ, ಕೊಡಗಿನ ಕಾಫಿ ತೋಟ, ನಮ್ಮ ಅಡಿಕೆ ತೋಟದವರೆಗೆ ಬಂದಿದೆ. ಅಮೆರಿಕದ ಫ್ಲಾರಿಡಾದಲ್ಲಿ 1966ರಲ್ಲಿ ಒಬ್ಬ ಬಾಲಕ ಹವಾಯಿಯಿಂದ ಬರುವಾಗ ಮೂರು ಹುಳು ತಂದ. ಅಜ್ಜಿ ಅವನ್ನು ಮಯಾಮಿಯ ಮನೆಯ ತೋಟದಲ್ಲಿ ಬಿಟ್ಟರು. ಏಳು ವರ್ಷದಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಹುಳುಗಳು ಸಿಕ್ಕವು. ಎಲ್ಲವನ್ನೂ ತೆಗೆಯಲು ಹತ್ತು ವರ್ಷ, ಹತ್ತು ಲಕ್ಷ ಡಾಲರ್ ಬೇಕಾಯಿತು. 2011ರಲ್ಲಿ ಅಲ್ಲಿ ಮತ್ತೆ ಕಾಣಿಸಿಕೊಂಡವು. ಈ ಸಲ ವಾಸನೆ ಹಿಡಿಯುವ ನಾಯಿಗಳನ್ನೂ ತರಬೇತುಗೊಳಿಸಿ, 1,68,000ಕ್ಕೂ ಹೆಚ್ಚು ಹುಳು ಹೆಕ್ಕಿ, 2021ರಲ್ಲಿ ಮುಗಿಯಿತು ಎಂದು ಘೋಷಿಸಿದರು. ಮರುವರ್ಷವೇ ಅದೇ ರಾಜ್ಯದ ಪಾಸ್ಕೋ ಎಂಬಲ್ಲಿ ಬಿಳಿ ಮೈಯ ಹುಳುಗಳು ಸಿಕ್ಕವು. ಬಿಳಿ ಮೈಯದ್ದು ಸಾಕುವವರು ಇಷ್ಟಪಡುವ ತಳಿ.

ಮೂರು ಹುಳುವಿನ ಬಾಲಕ, ತಜ್ಞ ಬೆನ್ಸನ್, ಪ್ರಯೋಗಾಲಯದ ನಾನು: ಯಾರಿಗೂ ಕೆಟ್ಟ ಉದ್ದೇಶ ಇರಲಿಲ್ಲ.

ಇನ್ನು ಕೆಲವರು ಕೇಳುತ್ತೀರಿ, ಇದನ್ನು ತಿನ್ನುವ ಪ್ರಾಣಿಯನ್ನು ತಂದು ಬಿಟ್ಟರೆ ಆಗದೇ ಎಂದು. ಅದನ್ನೂ ಮಾಡಿ ನೋಡಿದ್ದಾರೆ. ಪೆಸಿಫಿಕ್ ಸಾಗರದ ತಾಹಿತಿ ದ್ವೀಪದಲ್ಲಿ ದೈತ್ಯ ಹುಳು ಹೆಚ್ಚಿದಾಗ, 1974ರಲ್ಲಿ ಅದನ್ನು ತಿನ್ನಲೆಂದು ಯೂಗ್ಲಾಂಡಿನಾ ಎಂಬ ಬೇಟೆಗಾರ ಬಸವನಹುಳುವನ್ನು ಬಿಟ್ಟರು, 1977ರಲ್ಲಿ ಪಕ್ಕದ ಮೂರಿಯಾದಲ್ಲೂ. ಅದು ದೈತ್ಯವನ್ನು ಬಿಟ್ಟು ಅಲ್ಲಿನ ಕಾಡಿನ ಪುಟ್ಟ ಪಾರ್ಟುಲಾ ಹುಳುಗಳ ಬೆನ್ನು ಹತ್ತಿತು. ಹತ್ತೇ ವರ್ಷದಲ್ಲಿ ಮೂರಿಯಾದ ಕಾಡಿನಲ್ಲಿ ಪಾರ್ಟುಲಾ ಇಲ್ಲವಾಯಿತು. ಉಳಿದದ್ದು ಎಲ್ಲಿ ಗೊತ್ತೇ? ಲಂಡನ್ ಮುಂತಾದ ಮೃಗಾಲಯಗಳ ಚಿಕ್ಕ ಚಿಕ್ಕ ಪ್ಲಾಸ್ಟಿಕ್ ಡಬ್ಬಿಗಳಲ್ಲಿ. ದಶಕಗಳ ಕಾಲ ಅಲ್ಲಿ ಮರಿ ಮಾಡಿಸಿ, 2015ರಿಂದ, ಚಿಪ್ಪಿನ ಮೇಲೆ ಒಂದೊಂದು ಬಣ್ಣದ ಚುಕ್ಕೆ ಇಟ್ಟು, ಮತ್ತೆ ಆ ದ್ವೀಪಗಳಿಗೆ ಒಯ್ದು ಬಿಡುತ್ತಿದ್ದಾರೆ. ಹಾಗಾಗಿ ಹುಳು ಸಾಕುವುದೇ ತಪ್ಪು ಎಂದು ನಾನು ಹೇಳಲಾರೆ. ಪಾರ್ಟುಲಾ ಭೂಮಿಯ ಮೇಲೆ ಉಳಿದದ್ದೇ ಸಾಕಿದ್ದರಿಂದ. ದ್ವಿತೀಯ ಪಿಯುಸಿಯವರು 'ಜೀವವೈವಿಧ್ಯ ಮತ್ತು ಸಂರಕ್ಷಣೆ' ಅಧ್ಯಾಯದಲ್ಲಿ ಪರಕೀಯ ಪ್ರಭೇದಗಳ ಆಕ್ರಮಣಕ್ಕೆ ನೈಲ್ ಪರ್ಚ್, ಪಾರ್ಥೇನಿಯಂ, ಲಾಂಟಾನಾ ಎಂದು ಬರೆಯುತ್ತೀರಲ್ಲ, ಅದರ ಜೊತೆ ಈ ಒಂದು ಉದಾಹರಣೆಯನ್ನೂ ಬರೆಯಿರಿ.

ರೋಗದ ಮಾತನ್ನು ಹುಡುಗರು ಗಮನವಿಟ್ಟು ಓದಿ. ಇಲಿಗಳ ಶ್ವಾಸಕೋಶದ ರಕ್ತನಾಳದಲ್ಲಿ ಆಂಜಿಯೋಸ್ಟ್ರಾಂಗೈಲಸ್ ಎಂಬ ದುಂಡುಹುಳು ಬದುಕುತ್ತದೆ. ಅದರ ಮರಿಗಳು ಇಲಿಯ ಹಿಕ್ಕೆಯಲ್ಲಿ ಹೊರಬರುತ್ತವೆ, ಬಸವನಹುಳು ಅದನ್ನು ತಿಂದು ಮಧ್ಯವರ್ತಿಯಾಗುತ್ತದೆ. ಅಂಥ ಹುಳುವನ್ನು ಮನುಷ್ಯ ಹಸಿಯಾಗಿ ತಿಂದರೆ, ಅಥವಾ ಪುಟ್ಟ ಹುಳು ಸೇರಿಕೊಂಡ ಸೊಪ್ಪನ್ನು ಸರಿಯಾಗಿ ತೊಳೆಯದೆ ತಿಂದರೆ, ಅವು ಮೆದುಳಿನ ಪೊರೆಯವರೆಗೆ ಹೋಗಿ ಮೆನಿಂಜೈಟಿಸ್ ತರಬಲ್ಲವು. ಆಸ್ಟ್ರೇಲಿಯಾದ ಯುವಕನೊಬ್ಬ 2010ರಲ್ಲಿ ಗೆಳೆಯರ ಪಂತಕ್ಕೆ ಚಿಪ್ಪಿಲ್ಲದ ಬಸವನಹುಳು ನುಂಗಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಕೋಮಾದಲ್ಲಿದ್ದು, ದೇಹದ ಸ್ವಾಧೀನ ಕಳೆದುಕೊಂಡು, 2018ರಲ್ಲಿ ತೀರಿಕೊಂಡ. ಲೆಸ್ಟರ್‌ನ ತೊಟ್ಟಿಯಲ್ಲಿ ತಲೆಮಾರುಗಳಿಂದ ಹುಟ್ಟಿ ಬೆಳೆದ ಹುಳು ಇಲಿಯ ಹಿಕ್ಕೆಯನ್ನು ಕಂಡಿರುವುದಿಲ್ಲ. ನಮ್ಮ ಚರಂಡಿ ಬದಿಯದ್ದು ಕಂಡಿರುತ್ತದೆ. ಎರಡೂ ಒಂದೇ ಜಾತಿಯಾದರೂ ಒಂದನ್ನು ಮಗು ಕೈಯಲ್ಲಿ ಹಿಡಿಯಬಹುದು, ಇನ್ನೊಂದಕ್ಕೆ ಕೈಗವಸು ಬೇಕು.

ಹಾಗಾದರೆ ಹೊರಗಿರುವುದನ್ನು ಏನು ಮಾಡುವುದು? ಆ ಜೂನ್‌ನಲ್ಲಿ ಹಾಸ್ಟೆಲಿನ ಹುಡುಗರು ಉಪ್ಪಿನ ಪೊಟ್ಟಣ ಹಿಡಿದು ಹೊರಟಿದ್ದರು. ಉಪ್ಪು ಹಾಕಿದರೆ ಪರಾಸರಣದಿಂದ ಹುಳುವಿನ ಮೈಯ ನೀರು ಹೊರಬಂದು ಅದು ನೊರೆ ಕಾರುತ್ತ ಬಹಳ ಹೊತ್ತು ಹೊರಳುತ್ತದೆ. ಕೆಲವರು ಅದನ್ನು ನೋಡಿ ನಗುತ್ತಿದ್ದರು. ಅಲ್ಲಿ ನನಗೆ ಮಾತನಾಡಬೇಕಾಯಿತು. ಫಿಕ್ಹ್ ನನ್ನ ವಿಷಯವಲ್ಲ, ಅದಕ್ಕೆ ನಮ್ಮ ದೀನಿಯಾತ್ ಉಸ್ತಾದರಿದ್ದಾರೆ. ಆದರೆ ಎಲ್ಲರೂ ಮದ್ರಸದಲ್ಲಿ ಕೇಳಿದ ಎರಡು ಹದೀಸ್‌ಗಳನ್ನು ನೆನಪಿಸಿದೆ. ಬೆಕ್ಕನ್ನು ಕಟ್ಟಿಹಾಕಿ ತಾನೂ ಆಹಾರ ಕೊಡದೆ, ಅದಾಗಿಯೇ ಹುಡುಕಿ ತಿನ್ನಲೂ ಬಿಡದೆ ಕೊಂದ ಸ್ತ್ರೀಯ ವಿಷಯ ಒಂದು. ಅದು ಸಾಕುವವರಿಗೆ, ಮೊದಲಾಗಿ ರಜೆಗೆ ಬೀಗ ಹಾಕಿ ಹೋದ ನನಗೆ. ಪ್ರಾಣಿಯನ್ನು ಜಿಬಹ್ ಮಾಡುವಾಗ ಕತ್ತಿ ಹರಿತ ಮಾಡಿಕೊಳ್ಳಿ, ಅದಕ್ಕೆ ಹಿಂಸೆಯಾಗದಂತೆ ನೋಡಿಕೊಳ್ಳಿ ಎಂಬ ಪ್ರವಾದಿ(ಸ)ರವರ ಆದೇಶ ಇನ್ನೊಂದು. ಅದು ಉಪ್ಪಿನ ಪೊಟ್ಟಣ ಹಿಡಿದವರಿಗೆ. ತೋಟ ಉಳಿಯಬೇಕಾದರೆ ಕೊಲ್ಲಲೇಬೇಕಾಗುತ್ತದೆ, ನಿಜ. ಆದರೆ ಒಂದೇ ಪೆಟ್ಟಿಗೆ ಮುಗಿಯಬೇಕು. ದಪ್ಪ ಚೀಲದೊಳಗೆ ಹಾಕಿ ಭಾರದ ಕಲ್ಲಿನಿಂದ ಜಜ್ಜಿ, ಗುಂಡಿಯಲ್ಲಿ ಸುಣ್ಣದೊಂದಿಗೆ ಹೂಳುವುದು ನಾವು ಕಂಡುಕೊಂಡ ಕ್ರಮ. ಉಪ್ಪು ತೋಟದ ಮಣ್ಣಿಗೂ ಕೇಡು. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ಬೆಕ್ಕು ನಾಯಿಗಳಿಗೂ ವಿಷ, ಅದನ್ನು ಕಾಲೇಜಿನ ಆವರಣಕ್ಕೆ ತರುವುದು ಬೇಡ ಎಂದು ತೀರ್ಮಾನಿಸಿದೆವು.

ಹಿಡಿಯುವ ವಿಧಾನ ಸುಲಭ. ಸಂಜೆ ಗೋಣಿಚೀಲ ಒದ್ದೆ ಮಾಡಿ, ಅದರಡಿ ಪಪ್ಪಾಯಿ ಎಲೆ ಅಥವಾ ಎಲೆಕೋಸಿನ ಹೊರಸಿಪ್ಪೆ ಇಡಿ. ರಾತ್ರಿ ತಿನ್ನಲು ಬಂದ ಹುಳುಗಳು ಬೆಳಗ್ಗೆ ಅದರಡಿಯೇ ಅಡಗಿರುತ್ತವೆ. ಕೈಗವಸು ಹಾಕಿ ಹೆಕ್ಕಬೇಕು. ಹೆಕ್ಕುವ ಮೊದಲು ಮಾತ್ರ ಸರಿಯಾಗಿ ನೋಡಿ. ಚಿಪ್ಪು ಉದ್ದ ಶಂಕುವಿನಂತೆ ಚೂಪಾಗಿ, ಕಂದು ಬಣ್ಣದ ಮೇಲೆ ಉದ್ದುದ್ದ ಪಟ್ಟೆಗಳಿದ್ದರೆ ಅದು ಆಫ್ರಿಕಾದ್ದು. ಚಿಪ್ಪು ತೆಳುವಾಗಿ, ದುಂಡಗಿದ್ದು, ಮೈ ಕೆಂಪು ಅಥವಾ ಹಳದಿಯಾಗಿ ಹೊಳೆಯುತ್ತಿದ್ದರೆ ಕೈ ಹಿಂದೆಗೆಯಿರಿ. ಅದು ಇಂಡ್ರೆಲ್ಲಾ ಆಂಪುಲ್ಲಾ, ಪಶ್ಚಿಮ ಘಟ್ಟ ಬಿಟ್ಟರೆ ಜಗತ್ತಿನ ಬೇರೆಲ್ಲೂ ಇಲ್ಲದ ನಮ್ಮದೇ ಹುಳು. ಚಾರಣಕ್ಕೆ ಹೋದಾಗ ಎರಡು ಸಲ ಮಾತ್ರ ನನಗೆ ಅದು ಕಾಣಸಿಕ್ಕಿದೆ.

ಐಸ್‌ಕ್ರೀಮ್ ಡಬ್ಬಿ ತಂದ ಆ ಹುಡುಗ ಈಗ ಬಿ.ಎಸ್ಸಿ. ಓದುತ್ತಿದ್ದಾನೆ. ತೋಟದ ಎಣಿಕೆಯ ಪುಸ್ತಕ ಶುರು ಮಾಡಿದವನು ಅವನೇ. ಅದು ಈಗಲೂ ಪ್ರಯೋಗಾಲಯದ ಕಪಾಟಿನಲ್ಲಿದೆ, ಪ್ರತಿ ಮಳೆಗಾಲ ಹೊಸ ತಂಡ ಮುಂದುವರಿಸುತ್ತದೆ. ಮೊದಲ ವರ್ಷ ಮೊದಲ ದಿನದ ಲೆಕ್ಕ 64. ಕಳೆದ ವರ್ಷ ಮೊದಲ ದಿನ 23. ಈ ವರ್ಷದ ಮೊದಲ ಗೋಣಿಚೀಲವನ್ನು ಕಳೆದ ಶನಿವಾರ ಎತ್ತಿದೆವು: ಒಂಬತ್ತು ಹುಳು, ಒಂದು ಗುಂಪು ಮೊಟ್ಟೆ. ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯೇ ಅದನ್ನು ಬರೆದುಕೊಂಡಳು. ಪ್ರಯೋಗಾಲಯದ ಕಿಟಕಿಗೆ ಹೊಸ ಗಾಜು ಹಾಕಿಸಿದ್ದೇವೆ. ಕೈಗವಸುಗಳು ಬಾಗಿಲ ಪಕ್ಕದ ಡ್ರಾಯರಿನಲ್ಲಿವೆ, ಬರುವವರು ಶನಿವಾರ ಬೆಳಗ್ಗೆ ಏಳೂವರೆಗೆ ಬನ್ನಿ.